ಎಡಗಾಲು

ಶನಿವಾರ ಬೆಳಿಗ್ಗೆ ಆರಕ್ಕೇ
ಬ್ಯಾಟರಿಯ ಮೈನಸ್ ವೈರು ಬಿಚ್ಚಿದೆ.
ಕಾಫಿಗಿಂತ ಮುಂಚೆ. ಅದೇ ಕ್ರಮ.

ಸ್ವರ್ಣಸಂದ್ರದ ನಮ್ಮ ಮನೆ ಮುಂದೆ ಜಾಗವೆಂದರೆ
ತುಳಸಿಕಟ್ಟೆಗೂ ಗೇಟಿಗೂ ನಡುವೆ ಹದಿನಾರಡಿ.
ಅಷ್ಟರಲ್ಲೇ ಬಿಳಿ ಮಾರುತಿ, ಬೆನ್ನಿಗೆ ಕೆಂಪು ಎಲ್ ಬೋರ್ಡು,
ಎರಡು ಜೊತೆ ಪೆಡಲ್ಲು:
ಒಂದು ಕಲಿಯುವವರದು, ಒಂದು ನನ್ನದು.

ರೇಡಿಯೇಟರಿನ ನೀರು ಬಕೆಟ್ಟಿಗೆ,
ಗೇರ್ ಆಯಿಲು ತಳ ಸೀದ ಇಡ್ಲಿ ಪಾತ್ರೆಗೆ.
ಬಿಚ್ಚಿದ ವೈರಿಗೆಲ್ಲ ಬಟ್ಟೆ ಕ್ಲಿಪ್ಪು,
ಕ್ಲಿಪ್ಪಿಗೊಂದು ಚೀಟಿ, ಮಗಳ ಗಣಿತದ ಹಾಳೆಯದು:
‘ಇದು ಡೈನಮೋಗೆ’
‘ಇದು ಗೊತ್ತಿಲ್ಲ, ನೀಲಿ’.
ಬೋಲ್ಟುಗಳು ಮೊಟ್ಟೆ ಟ್ರೇಯಲ್ಲಿ,
ಯಾವುದು ಯಾವುದರ ನೆಂಟನೆಂದು ನನಗೊಬ್ಬಳಿಗೇ ಗೊತ್ತು.

ಕಾಂಪೌಂಡಿನಾಚೆಯಿಂದ ತಾಯವ್ವ:
‘ಹೆರಿಗೆ ಮಾಡ್ಸ್ದಂಗದೆ ಕಣವ್ವ!’
ನಾನು ಎರಡು ಹೆತ್ತವಳು.
ಅಲ್ಲಿ ಯಾರೂ ಚೀಟಿ ಅಂಟಿಸಲಿಲ್ಲ,
ಬಿಚ್ಚಿಹೋದದ್ದನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು
ಬರೆದಿಡಲೂ ಇಲ್ಲ.

ಬೋರ್‌ವೆಲ್ ಮೋಟರ್ ಎತ್ತುವ ಮುಕ್ಕಾಲಿಯನ್ನು
ಬೋರೇಗೌಡ ಗೂಡ್ಸ್ ಆಟೋದಲ್ಲಿ ತಂದಿಳಿಸಿದ.
ಹೆಸರಿಗೆ ತಕ್ಕ ಕಸುಬು ಅಂತ ಊರೆಲ್ಲ ನಕ್ಕು ನಕ್ಕು
ಈಗ ಯಾರೂ ನಗುವುದಿಲ್ಲ.
‘ನೀವೇ ಎತ್ತೀರಾ? ಗಂಡಸ್ರು ಯಾರೂ ಇಲ್ವಾ?’
‘ಅವ್ರೆ. ಎಳನೀರು ತರಾಕ್ ಹೋಗವ್ರೆ.’

ಡ್ರೈವ್ ಶಾಫ್ಟು ಎರಡನ್ನೂ ಎಳೆದು
ಚಕ್ರ ಮತ್ತೆ ಸಿಕ್ಕಿಸಿದೆ.
ಗೇರಿನ ರಾಡು ಬಂತು, ಮೀಟರಿನ ಕೇಬಲ್ಲು ಬಂತು,
ಸೈಲೆನ್ಸರಿನ ನಟ್ಟು ಡೀಸೆಲ್ ಕುಡಿದು, ಬೈಸಿಕೊಂಡು,
ಒಂದು ಮುರಿದೇ ಬಂತು.
ಕೊನೆಯ ಮೌಂಟಿಂಗ್ ಬೋಲ್ಟು ಮಾತ್ರ
ಬ್ಯಾಟರಿ ತಟ್ಟೆಯ ಕೆಳಗೆಲ್ಲೋ, ಟಾರ್ಚಿಗೂ ಸಿಗದ ಮೂಲೆಯಲ್ಲಿ.
ಬೆರಳಿಗೇ ಕಣ್ಣು ಬರಬೇಕು.
ಬಂತು.

ಚೈನು ಕಟಕಟ.
ಒಂದು ಮೊಳ ಎಳೆದರೆ ಒಂದು ಕೂದಲೆಳೆ ಎತ್ತರ.
ಇಂಜಿನ್ನು, ಅದಕ್ಕೆ ಅಂಟಿಕೊಂಡ ಗೇರ್‌ಬಾಕ್ಸು,
ಎರಡೂ ಒಂದೇ ಕಡೆ ವಾಲಿಕೊಂಡು
ಕೊನೇ ಬಸ್ಸಿನಲ್ಲಿ ತೂಕಡಿಸುವ ಗಂಡಹೆಂಡಿರ ಹಾಗೆ
ಗಾಳಿಗೆ ಬಂದವು.
ಕಾರಿನ ಮೂತಿ ನಾಲ್ಕು ಬೆರಳು ಮೇಲೆದ್ದಿತು.
ಇಷ್ಟು ಭಾರ ಹೊತ್ತಿದ್ದೆನೇ ಎಂದು
ಅದಕ್ಕೂ ಈಗಲೇ ತಿಳಿದದ್ದು.

ಕಾರ್ಖಾನೆ ಕಡೆಯಿಂದ ಕಾಕಂಬಿಯ ವಾಸನೆ.
ಗೋಣಿತಾಟಿನ ಮೇಲೆ ಇಳಿಸಿ, ಅಲ್ಲಾಡಿಸಿ, ಅಲ್ಲಾಡಿಸಿ
ಗೇರ್‌ಬಾಕ್ಸನ್ನು ಬೇರೆ ಮಾಡಿದಾಗ
ಒಳಗಿಂದ ಸುರಿಯಿತು ಒಂದು ಹಿಡಿ ಕಪ್ಪು ಪುಡಿ.
ಕ್ಲಚ್ ಪ್ಲೇಟು ರಿವೆಟ್ಟಿನ ತನಕ ಸವೆದಿತ್ತು.

ಇದು ಫಿಲೋಮಿನಾ ಸಿಸ್ಟರು
ನೈಟ್ ಡ್ಯೂಟಿ ಮುಗಿಸಿ ಬಂದು
ಹೊಳಲು ಸರ್ಕಲ್ಲಿನಲ್ಲಿ ಏಳು ಸಲ ಗಾಡಿ ಆಫ್ ಮಾಡಿದ್ದು.
ಇದು ರೇಷ್ಮೆ ಇಲಾಖೆಯ ಪುಟ್ಟತಾಯಮ್ಮ
ನಾಲೆ ಏರಿ ಕಂಡೊಡನೆ
ಅರ್ಧ ಕ್ಲಚ್ಚಿನಲ್ಲೇ ಮನೆದೇವರನ್ನು ಕರೆದದ್ದು.
ಭಜನೆಗೆಂದು ಮನೆಯಲ್ಲಿ ಹೇಳಿ ಬರುತ್ತಿದ್ದ ಸುಶೀಲಾಬಾಯಿ,
ಅವರದು ಸ್ವಲ್ಪ ಜಾಸ್ತಿಯೇ ಇರಬೇಕು.
ನಸ್ರೀನಾಳದು ಇಲ್ಲ. ಮೊದಲ ದಿನವೇ ಸರಿಯಾಗಿ ಬಿಟ್ಟವಳು,
ಇದರಲ್ಲಿ ಅವಳ ಪಾಲು ಚಿಟಿಕೆಯೂ ಇಲ್ಲ.

ಎಲ್ಲರೂ
ಬಲಗಾಲಿಟ್ಟು ಬಾ ಎಂದೇ ಹೇಳಿಸಿಕೊಂಡು ಬಂದವರು.
ನಾನು ಮೊದಲು ಕೇಳುವುದು ಎಡಗಾಲನ್ನು.
ಒತ್ತು. ಹಿಡಿ. ಈಗ ಬಿಡು,
ಒಮ್ಮೆಗೇ ಅಲ್ಲ, ಬಿಟ್ಟೂ ಬಿಡದ ಹಾಗೆ.
ಆ ‘ಬಿಡು’ವಿಗೂ ‘ಬಿಟ್ಟೆ’ಗೂ ನಡುವೆ
ಎಷ್ಟು ನಡುಗಿದರೋ ಅಷ್ಟೂ ಇಲ್ಲಿದೆ,
ಮುಟ್ಟಿದರೆ ಕೈಗಂಟುತ್ತದೆ.

ಊದಲು ಬಗ್ಗಿದ ಬೋರೇಗೌಡನನ್ನು ತಡೆದೆ:
‘ಬೇಡ ಗೌಡ್ರೇ, ಎದೆಗೆ ಕೆಟ್ಟದ್ದು.’
ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ.
ಹೊಸ ಪ್ಲೇಟು ಡಬ್ಬಿಯಲ್ಲಿದೆ,
ಇನ್ನೂ ಯಾರಿಗೂ ಹೆದರಿಲ್ಲ.

ಫೋನು. ಹೊಸ ದನಿ.
‘ಕಾರು ಕಲೀಬೇಕಿತ್ತು ಮೇಡಂ, ಐವತ್ತೆರಡಾಯ್ತು. ಆಗ್ತದಾ?’
ಮೊಣಕೈಯಿಂದ ಸ್ಪೀಕರ್ ಒತ್ತಿ
ಬಾನೆಟ್ಟಿನೊಳಗೆ ನೋಡಿದೆ.
ಇಂಜಿನ್ನಿದ್ದ ಜಾಗದಲ್ಲಿ ನೆಲ,
ನೆಲದಲ್ಲಿ ನಿನ್ನೆಯ ರಂಗೋಲಿಯ ಒಂದೆಳೆ.

‘ಗುರುವಾರ ಬನ್ನಿ’ ಅಂದೆ.
‘ಎತ್ತರದ ಚಪ್ಪಲಿ ಬೇಡ.’